ಖರೀದಿ ಕೇಂದ್ರಕ್ಕೆ ಗಾಡಿ ಕಟ್ಟುವ ಮುನ್ನ: ಶಿಕಾರಿಪುರ, ಸೊರಬ ತಾಲ್ಲೂಕುಗಳ ಸಣ್ಣ ಹಿಡುವಳಿದಾರರಿಗೆ

ಭತ್ತ, ಮೆಕ್ಕೆಜೋಳ ಮುಂತಾದ ಬೆಳೆಗಳಿಗೆ ಕೇಂದ್ರ ಸರ್ಕಾರವು ಪ್ರತಿ ವರ್ಷ ಬೆಂಬಲ ಬೆಲೆಯನ್ನು ಗೊತ್ತುಪಡಿಸುತ್ತದೆ. 2025-26ನೇ ಸಾಲಿನ ಮುಂಗಾರು ಹಂಗಾಮಿಗೆ ಕ್ವಿಂಟಾಲು ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ, ‘ಎ’ ದರ್ಜೆಯ ಭತ್ತಕ್ಕೆ 2,389 ರೂಪಾಯಿ, ಮೆಕ್ಕೆಜೋಳಕ್ಕೆ 2,400 ರೂಪಾಯಿ ನಿಗದಿಯಾಯಿತು. ಆದರೆ ಬೆಲೆ ಸಾರುವುದು ಬೇರೆ, ಮಾಲು ಕೊಳ್ಳುವುದು ಬೇರೆ. ಕೊಳ್ಳುವ ಕೆಲಸ ರಾಜ್ಯ ಸರ್ಕಾರ ನೇಮಿಸಿದ ಸಂಸ್ಥೆಗಳದ್ದು. ಭತ್ತ, ರಾಗಿ ಪಡಿತರಕ್ಕೆ ಬೇಕಾದುದರಿಂದ ಅವುಗಳ ಖರೀದಿ ಹೆಚ್ಚುಕಡಿಮೆ ವರ್ಷವರ್ಷವೂ ನಡೆಯುತ್ತದೆ. ಮೆಕ್ಕೆಜೋಳಕ್ಕೆ ಆ ಭರವಸೆಯಿಲ್ಲ. 2025ರ ನವೆಂಬರಿನಲ್ಲಿ ಪೇಟೆ ಧಾರಣೆ ಕುಸಿದು ರೈತರು ಬೀದಿಗಿಳಿದ ಮೇಲೆಯೇ ರಾಜ್ಯ ಸರ್ಕಾರ ಅದರ ಖರೀದಿಗೆ ಆದೇಶಿಸಿತು. ಶಿಕಾರಿಪುರದ ಮೆಕ್ಕೆಜೋಳದ ಬೆಳೆಗಾರರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಒಂದು ಹೆಕ್ಟೇರು, ಅಂದರೆ ಸುಮಾರು ಎರಡೂವರೆ ಎಕರೆಯವರೆಗೆ ಭೂಮಿಯುಳ್ಳವರು ಅತಿ ಸಣ್ಣ ರೈತರು. ಎರಡು ಹೆಕ್ಟೇರುಗಳವರೆಗಿನವರು ಸಣ್ಣ ರೈತರು. ತಲಾ ಇಷ್ಟೇ ಕ್ವಿಂಟಾಲು ಎಂಬ ಮಿತಿ ಹಾಕುವುದು ದೊಡ್ಡ ಹಿಡುವಳಿಯವರ ಮಾಲೇ ಕೇಂದ್ರವನ್ನು ತುಂಬದಿರಲೆಂದು. 2021-22ರಲ್ಲಿ ರಾಗಿಯನ್ನು ಮೊದಲು ಸಣ್ಣ, ಅತಿ ಸಣ್ಣ ರೈತರಿಂದಷ್ಟೇ ಕೊಳ್ಳಲು ನಿರ್ಧರಿಸಿದ್ದೂ ಇದೇ ಕಾರಣಕ್ಕೆ. ಉದ್ದೇಶ ಸರಿಯಾದುದೇ. ಆದರೂ ಎರಡು ಎಕರೆಯವನ ಮಾಲು ಕೇಂದ್ರ ಮುಟ್ಟುವ ಮೊದಲೇ ಕಣದಲ್ಲಿ ಕೈಬಿಟ್ಟು ಹೋಗುತ್ತದೆ. ಕೇಂದ್ರ ತೆರೆಯುವುದು ತಡ, ಸಾಲ ಕೇಳುವವರು ಬರುವುದು ಬೇಗ. ಕಾಳಿನಲ್ಲಿ ತೇವ ಬೇರೆ ಇರುತ್ತದೆ.

ಈ ತೇವದ ಲೆಕ್ಕವನ್ನು ಪ್ರತಿಯೊಬ್ಬ ರೈತನೂ ಮಾಡಿ ನೋಡಬೇಕು. ಖರೀದಿ ಕೇಂದ್ರದಲ್ಲಿ ಮೆಕ್ಕೆಜೋಳಕ್ಕೆ ತೇವಾಂಶ ಶೇ. 14, ಭತ್ತಕ್ಕೆ ಶೇ. 17 ಮೀರಬಾರದು. ಶೇ. 20 ತೇವವಿರುವ 100 ಕಿಲೋ ಮೆಕ್ಕೆಜೋಳದಲ್ಲಿ ಒಣ ಪದಾರ್ಥ 80 ಕಿಲೋ. ಅದನ್ನು ಶೇ. 14ಕ್ಕೆ ಒಣಗಿಸಿದರೆ ಉಳಿಯುವ ತೂಕ 93 ಕಿಲೋ. ಏಳು ಕಿಲೋ ಆರಿಹೋಯಿತಲ್ಲಾ ಎಂದು ಮರುಗುವವರಿದ್ದಾರೆ. ಆದರೆ 93 ಕಿಲೋಗೆ ಬೆಂಬಲ ಬೆಲೆಯಂತೆ 2,232 ರೂಪಾಯಿ ಬರುತ್ತದೆ. ಹಸಿ ಕಾಳನ್ನು ಕಣದಲ್ಲೇ 1,800ಕ್ಕೆ ಕೇಳಿದವನಿಗೆ ಕೊಟ್ಟರೆ ಕ್ವಿಂಟಾಲಿಗೆ 432 ರೂಪಾಯಿ ಬಿಟ್ಟುಕೊಟ್ಟಂತಾಯಿತು. ಒಣಗಿಸುವ ಕೂಲಿ, ಗಾಡಿ ಬಾಡಿಗೆ ಕಳೆದು ನೀವೇ ನಿರ್ಧರಿಸಿರಿ.

ತೇವ ಅಳೆಯುವ ಯಂತ್ರ ಮನೆಯಲ್ಲಿ ಇರಬೇಕೆಂದಿಲ್ಲ. ಉಪ್ಪನ್ನು ಬಾಣಲೆಯಲ್ಲಿ ಹುರಿದು ಆರಿಸಿಕೊಳ್ಳಿರಿ. ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಕಾಳು, ಎರಡು ಮೂರು ಚಮಚ ಉಪ್ಪು ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿರಿ. ಉಪ್ಪು ಗಾಜಿಗೆ ಮೆತ್ತಿಕೊಂಡರೆ ತೇವ ಶೇ. 15ಕ್ಕಿಂತ ಹೆಚ್ಚಿದೆಯೆಂದು ತಿಳಿಯಬೇಕು. ಮೆಕ್ಕೆಜೋಳವನ್ನು ಇನ್ನೂ ಒಣಗಿಸಬೇಕೆಂದೇ ಅರ್ಥ. ಭತ್ತವನ್ನು ಮಾತ್ರ ಸುಡುವ ಡಾಂಬರು ರಸ್ತೆಯ ಮೇಲೆ ತೆಳುವಾಗಿ ಹರಡಬಾರದು. ಕಾಳು ಸೀಳಿ ಗಿರಣಿಯಲ್ಲಿ ನುಚ್ಚಾಗುತ್ತದೆ. ಟಾರ್ಪಾಲಿನ ಮೇಲೆ ಹರಡಿ ಅರ್ಧ ಗಂಟೆಗೊಮ್ಮೆ ಕೈಯಾಡಿಸಿರಿ.

ಹಣದ ತುರ್ತು ಇದ್ದವರು ಉಗ್ರಾಣದ ರಸೀದಿಯ ಮೇಲೆ ಅಡಮಾನ ಸಾಲ ಕೇಳಬಹುದು. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ, ಅತಿ ಸಣ್ಣ ರೈತರಿಗೆ ಮಾನ್ಯತೆ ಪಡೆದ ಉಗ್ರಾಣದ ರಸೀದಿಯ ಮೇಲೆ ಆರು ತಿಂಗಳವರೆಗೆ ಬೆಳೆ ಸಾಲದ ಬಡ್ಡಿ ದರದಲ್ಲೇ ಸಾಲ ಕೊಡುವ ಏರ್ಪಾಡಿದೆ. ಕೇಳದೆ ಯಾರೂ ಹೇಳುವುದಿಲ್ಲ.

ಇನ್ನು ದಾಖಲೆಯ ಮಾತು. ಕೇಂದ್ರದಲ್ಲಿ ಹೆಸರು ನೋಂದಾಯಿಸಲು ‘ಫ್ರೂಟ್ಸ್’ ಗುರುತಿನ ಸಂಖ್ಯೆ ಬೇಕು. ಅದಕ್ಕೆ ಪಹಣಿ ಆಧಾರ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಭತ್ತದ ಬದಲು ಬೇರೆ ಬೆಳೆ ಬರೆದಿದ್ದರೆ ಮಾಲು ಎಷ್ಟು ಚೆನ್ನಾಗಿದ್ದರೂ ತೊಡಕೇ. ಪೈರು ಗದ್ದೆಯಲ್ಲಿರುವಾಗಲೇ ನೋಡಿ ಆಕ್ಷೇಪಣೆ ಸಲ್ಲಿಸಬೇಕು. ಅಜ್ಜನ ಹೆಸರಿನಲ್ಲೇ ಉಳಿದ ಪಹಣಿಯನ್ನು ಪೌತಿ ಖಾತೆ ಮಾಡಿಸಿಕೊಳ್ಳಿರಿ.

ಬಗರ್‌ಹುಕುಂ ಸಾಗುವಳಿದಾರರು, ಬಾಯಿಮಾತಿನ ಗೇಣಿಗೆ ಗದ್ದೆ ಮಾಡುವವರು ಈ ಲೆಕ್ಕದ ಹೊರಗೇ ಉಳಿಯುತ್ತಾರೆ. ಪಹಣಿಯಿಲ್ಲದೆ ನೋಂದಣಿಯಿಲ್ಲ. ಬೆಂಬಲ ಬೆಲೆ ಎಲ್ಲರಿಗಿಂತ ಹೆಚ್ಚಾಗಿ ಬೇಕಾದವರು ಇವರೇ ಎಂಬುದು ಈ ಲೇಖಕನ ಅಭಿಪ್ರಾಯ. ನಮೂನೆ 50, 53, 57ರಲ್ಲಿ ಅರ್ಜಿ ಕೊಟ್ಟವರು ತಾಲ್ಲೂಕು ಕಚೇರಿಯ ಸ್ವೀಕೃತಿಯನ್ನು ಜೋಪಾನ ಮಾಡಿ, ಅರ್ಜಿಯ ಸ್ಥಿತಿಯನ್ನು ಆಗಾಗ ವಿಚಾರಿಸುತ್ತಿರಬೇಕು.

ತೂಕದ ವಿಷಯದಲ್ಲಿ ಸಂಕೋಚ ಬೇಡ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸಿಡಿದೆದ್ದುದು ಭತ್ತ ಅಳೆಯುವ ಕೊಳಗದ ಗಾತ್ರಕ್ಕಾಗಿ. ಚೀಲಗಳನ್ನು ನಿಮ್ಮೆದುರಿಗೇ ತೂಗಿಸಿ, ತೂಕ, ದರ್ಜೆ, ಮೊತ್ತ ನಮೂದಿಸಿದ ರಸೀದಿಯನ್ನು ಅಲ್ಲೇ ಪಡೆಯಿರಿ. ತೇವ ಹೆಚ್ಚೆಂದು ಮಾಲನ್ನು ತಿರಸ್ಕರಿಸಿದರೆ ಯಂತ್ರದ ಅಂಕಿಯನ್ನು ಕಣ್ಣಾರೆ ನೋಡಿ ಬರೆದುಕೊಂಡು, ಒಣಗಿಸಿ ಮತ್ತೆ ತರುವ ದಿನಾಂಕವನ್ನು ಕೇಳಿಕೊಂಡೇ ಗಾಡಿ ತಿರುಗಿಸಿರಿ. ಹಣ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೇ ಬರುವುದರಿಂದ ಖಾತೆ ಚಾಲ್ತಿಯಲ್ಲಿದೆಯೇ ಎಂದು ಮುಂಚೆಯೇ ವಿಚಾರಿಸಿಕೊಳ್ಳಿರಿ.