ಹೊರಗಿನ ಅಲಗು, ನಮ್ಮ ಹಿಡಿ

ಕೊಲ್ಹಾಪುರದ ಹೊಸ ಅರಮನೆಯನ್ನು 1877ರಿಂದ 1884ರ ಅವಧಿಯಲ್ಲಿ ಕಟ್ಟಲಾಯಿತು. ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಗಡಹಿಂಗ್ಲಜ, ಇಚಲಕರಂಜಿಗಳಿಂದಲೂ ಶಾಲೆಯ ಮಕ್ಕಳು ಬರುತ್ತಾರೆ. ಆಯುಧಗಳಲ್ಲಿ ಬಾಗಿದ ಕತ್ತಿಯೇ ಎಲ್ಲರ ಕಣ್ಣು ಸೆಳೆಯುತ್ತದೆ. ಆದರೆ ನೆಟ್ಟನೆಯ, ಉದ್ದನೆಯ ಅಲಗು ಕಂಡಲ್ಲಿ ತುಸು ನಿಲ್ಲಿರಿ.

ಇಂಥ ಕತ್ತಿಗೆ ಮರಾಠಿಯಲ್ಲಿ ‘ಫಿರಂಗ’ ಎಂದು ಹೆಸರು. ಕನ್ನಡದಲ್ಲಿ ಫಿರಂಗಿ ಎಂದರೆ ತೋಪು, ಪರಂಗಿ ಎಂದರೆ ಹಣ್ಣು! ಮೂರರ ಮೂಲವೂ ಒಂದೇ: ಯುರೋಪಿನ ಫ್ರಾಂಕರ ಹೆಸರು.

ಪೋರ್ತುಗೀಜರೂ ಇತರ ವರ್ತಕರೂ ಯುರೋಪಿನ ಅಲಗುಗಳನ್ನು ಪಶ್ಚಿಮ ಕರಾವಳಿಗೆ ತಂದರು. ಇಲ್ಲಿಯ ಕುಶಲಕರ್ಮಿಗಳು ಅವಕ್ಕೆ ಕೈಯನ್ನು ಕಾಯುವ ಅಗಲವಾದ ಹಿಡಿ ಕೂಡಿಸಿದರು. ಹಿಡಿಯ ತುದಿಯ ಮೊಳೆ ಏಕೆ? ಎರಡನೆಯ ಕೈಯಿಂದ ಹಿಡಿಯಲು. ಮುಂಗೈಯನ್ನೇ ಮುಚ್ಚುವ ‘ಪಟ್ಟಾ’ ಕತ್ತಿಗೂ ಇಂಥ ಅಲಗುಗಳನ್ನು ಜೋಡಿಸುತ್ತಿದ್ದರು.

ಹಾಗಾದರೆ ನಮ್ಮಲ್ಲಿ ಒಳ್ಳೆಯ ಲೋಹವಿರಲಿಲ್ಲವೇ? ಇತ್ತು. ದಕ್ಷಿಣ ಭಾರತದ ಉಕ್ಕು ಹೊರದೇಶಗಳಿಗೆ ಹೋಗುತ್ತಿತ್ತು. ಇಂಗ್ಲಿಷಿನ ‘ವೂಟ್ಸ್’ ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದಿತೆಂದು ವಿದ್ವಾಂಸರ ಅಭಿಪ್ರಾಯ. ಬಗ್ಗಿಸಿದರೆ ಮರಳಿ ನೆಟ್ಟಗಾಗುವ ಉದ್ದನೆಯ ಅಲಗಿಗಾಗಿ ಮಾತ್ರ ಯುರೋಪಿನ ಮಾಲನ್ನು ಬಯಸಿದರು.

ಅಲಗಿನ ಮೇಲೆ ಓಡುವ ತೋಳದ ಗುರುತಿದ್ದರೆ ಅದು ಜರ್ಮನಿಯ ಪಸ್ಸಾವು ಅಥವಾ ಸೋಲಿಂಗೆನ್ ಊರಿನದಿರಬಹುದು. ಇರಬಹುದು ಅಷ್ಟೇ, ಹೆಸರಾದ ಗುರುತುಗಳನ್ನು ನಕಲು ಮಾಡುವವರು ಆಗಲೂ ಇದ್ದರು!