ಸಂಸತ್ತಿನ ವಿಶೇಷ ಅಧಿವೇಶನ: ರಾಷ್ಟ್ರಪತಿಗಳ ಅಧಿಕಾರ

• ವಿಧಿ 85: ಅಧಿವೇಶನ ಕರೆಯುವುದು, ಮುಕ್ತಾಯಗೊಳಿಸುವುದು ರಾಷ್ಟ್ರಪತಿಗಳ ಅಧಿಕಾರ, ಸಚಿವ ಸಂಪುಟದ ಸಲಹೆಯಂತೆ ಚಲಾವಣೆ. ಎರಡು ಅಧಿವೇಶನಗಳ ನಡುವೆ 6 ತಿಂಗಳ ಅಂತರ ಬೀಳುವಂತಿಲ್ಲ.

• ‘ವಿಶೇಷ ಅಧಿವೇಶನ’ ಎಂಬ ಪದ ಈ ವಿಧಿಯಲ್ಲಿಲ್ಲ. 2023ರ ಸೆಪ್ಟೆಂಬರ್ 18–22ಕ್ಕೆ ಕರೆದ ವಿಶೇಷ ಅಧಿವೇಶನ ಮಹಿಳಾ ಮೀಸಲಾತಿ ಮಸೂದೆಗೆ ಒಪ್ಪಿಗೆ ನೀಡಿ 21ರಂದೇ ಮುಗಿಯಿತು. ಅದೇ ಮುಂದೆ 106ನೇ ತಿದ್ದುಪಡಿಯಾಯಿತು.

• ವಿಸ್ತರಣೆ: ರಾಷ್ಟ್ರಪತಿಗಳು ಮುಕ್ತಾಯಗೊಳಿಸುವವರೆಗೆ, ಮುಂದೂಡಿದ ಲೋಕಸಭೆಯನ್ನು ಸ್ಪೀಕರ್ ಮತ್ತೆ ಸೇರಿಸಬಹುದು. ಮುಂದೂಡಿಕೆ, ಮುಕ್ತಾಯ ಬೇರೆ ಬೇರೆ. ಪರೀಕ್ಷೆಯಲ್ಲಿ ಎಡವುವುದು ಇಲ್ಲೇ.

• ವಿಧಿ 352(8): ತುರ್ತು ಪರಿಸ್ಥಿತಿಯನ್ನು ನಿರಾಕರಿಸುವ ನಿರ್ಣಯಕ್ಕಾಗಿ ಲೋಕಸಭೆಯ 1/10 ಸದಸ್ಯರು ಲಿಖಿತ ನೋಟಿಸ್ ಕೊಟ್ಟರೆ 14 ದಿನಗಳೊಳಗೆ ವಿಶೇಷ ಸಭೆ ನಡೆಯಲೇಬೇಕು. ಸದನ ಅಧಿವೇಶನದಲ್ಲಿದ್ದರೆ ನೋಟಿಸ್ ಸ್ಪೀಕರ್‌ಗೆ, ಇಲ್ಲದಿದ್ದರೆ ರಾಷ್ಟ್ರಪತಿಗಳಿಗೆ. 1975ರ ತುರ್ತು ಪರಿಸ್ಥಿತಿಯ ಕಹಿ ಅನುಭವದ ಬಳಿಕ 44ನೇ ತಿದ್ದುಪಡಿ (1978) ಪ್ರಜಾಪ್ರಭುತ್ವಕ್ಕೆ ಕೊಟ್ಟ ಅಮೂಲ್ಯ ಕಾವಲಿದು.