ಕಾಡು ಸೇಜ್ ಗಿಡದ ಎಲೆಯ ಗುಣ

ಚಕ್ಕುಲಿಯ ಡಬ್ಬಿಯನ್ನು ಬಹುದಿನ ಇಟ್ಟು ತೆರೆದರೆ ಕಮಟು ವಾಸನೆ ಬರುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಗಾಳಿಯಲ್ಲಿರುವ ಆಮ್ಲಜನಕವು ಎಣ್ಣೆಯೊಡನೆ ಕೂಡಿ ಅದನ್ನು ಕೆಡಿಸುವುದೇ ಇದಕ್ಕೆ ಕಾರಣವು. ಈ ಕೆಡುವಿಕೆಯನ್ನು ತಡೆಯುವ ವಸ್ತುಗಳಿಗೆ ಉತ್ಕರ್ಷಣ ನಿರೋಧಕಗಳೆಂದು ಹೆಸರು. ಅವು ಹೇರಳವಾಗಿರುವ ಗಿಡಗಳಲ್ಲಿ ಸೇಜ್ ಒಂದು.

ಸೇಜ್ ಗಿಡಗಳು ನಮ್ಮ ತುಲಸಿ, ದೊಡ್ಡಪತ್ರೆಗಳ ಕುಟುಂಬಕ್ಕೆ ಸೇರಿದುವು. ಸಾಲ್ವಿಯಾ ಎಂಬ ಅವುಗಳ ಕುಲದಲ್ಲಿ 900ಕ್ಕೂ ಹೆಚ್ಚು ಜಾತಿಗಳಿರುವುವು. ಉದ್ಯಾನಗಳಲ್ಲಿ ಕೆಂಪು ಹೂ ಬಿಡುವ ಸಾಲ್ವಿಯಾ ಬ್ರೆಜಿಲ್ ದೇಶದ್ದು. (ನಮ್ಮ ಬೇಲಿಗಳ ಲಂಟಾನವನ್ನೂ ಇಂಗ್ಲಿಷಿನಲ್ಲಿ ಕಾಡು ಸೇಜ್ ಎನ್ನುವುದುಂಟು, ಅದು ಬೇರೆ ಕುಟುಂಬದ್ದು, ದನಗಳಿಗೆ ವಿಷ.)

ಅಡಿಗೆಯ ಸೇಜ್ ಯೂರೋಪಿನ ಡಾಲ್ಮೇಷಿಯ ತೀರದ ಸುಣ್ಣಕಲ್ಲಿನ ಗುಡ್ಡಗಳಲ್ಲಿ ತಾನಾಗಿ ಬೆಳೆಯುವುದು. ಅದರ ಹತ್ತಿರದ ಜಾತಿಯೊಂದು ಗ್ರೀಸ್ ದೇಶದಲ್ಲಿದೆ. ಅಲ್ಲಿ ಬೇಸಿಗೆಯಲ್ಲಿ ಮಳೆ ಬಹಳ ಕಡಿಮೆ. ನೀರು ಸಾಲದ ಎಲೆಯ ಮೇಲೆ ಉರಿಬಿಸಿಲು ಬಿದ್ದಾಗ, ಎಲೆಯು ಬಳಸಲಾರದಷ್ಟು ಬೆಳಕು ಒಳಹೊಕ್ಕು, ಆಮ್ಲಜನಕವು ಹಾನಿಕರವಾದ ರೂಪಗಳನ್ನು ತಾಳುವುದು. ಆಗ ಎಲೆಯೊಳಗಿನ ಕಾರ್ನೋಸಿಕ್ ಆಮ್ಲವು ತಾನೇ ಅವಕ್ಕೆ ತುತ್ತಾಗಿ, ಕಾರ್ನೋಸಾಲ್ ಮುಂತಾದ ವಸ್ತುಗಳಾಗಿ ಮಾರ್ಪಟ್ಟು, ಎಲೆಯ ಹಸುರುಕಣಗಳನ್ನು ಕಾಪಾಡುವುದು. ಗಿಡವು ಇದನ್ನು ತನಗಾಗಿ ಮಾಡಿಕೊಂಡಿತೇ ಹೊರತು ನಮಗಾಗಿ ಅಲ್ಲ.

ಇನ್ನೊಂದು ವಸ್ತು ರೋಸ್ಮರಿನಿಕ್ ಆಮ್ಲ. ಇಟಲಿಯ ರಸಾಯನಶಾಸ್ತ್ರಜ್ಞರಿಬ್ಬರು 1958ರಲ್ಲಿ ಇದನ್ನು ರೋಸ್‌ಮರಿ ಗಿಡದಿಂದ ಬೇರ್ಪಡಿಸಿದರು. ಇದು ಸೇಜ್‌ನಲ್ಲಿಯೂ ತುಲಸಿಯಲ್ಲಿಯೂ ಉಂಟು. ರೋಸ್‌ಮರಿಯನ್ನಾದರೋ 2017ರಲ್ಲಿ ಸಸ್ಯಶಾಸ್ತ್ರಜ್ಞರು ಸಾಲ್ವಿಯಾ ಕುಲಕ್ಕೇ ಸೇರಿಸಿದರು. ಅದರ ಸಾರವನ್ನು ಆಹಾರದ ಎಣ್ಣೆ ಕೊಬ್ಬುಗಳು ಕೆಡದಂತೆ ಬೆರೆಸಲು ಯೂರೋಪಿನಲ್ಲಿ 2010ರಲ್ಲಿ ಅನುಮತಿ ದೊರೆಯಿತು.

ಇಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಎಣ್ಣೆಯನ್ನು ಕಾಪಾಡುವುದು ದೇಹವನ್ನೂ ಕಾಪಾಡುವುದೆಂದು ಹೇಳಿ ಪುಡಿ, ಮಾತ್ರೆಗಳನ್ನು ಮಾರುವವರು ಈಗ ಬಹಳ. ಮಗಳ ಆರೋಗ್ಯಕ್ಕೆಂದು ತಾಯಂದಿರು ಅವಕ್ಕೆ ಹಣ ಸುರಿಯುವುದನ್ನು ಕಂಡು ನಾವು ಈ ಮಾತನ್ನು ಬರೆಯಬೇಕಾಯಿತು. ಗಜ್ಜರಿಯಲ್ಲಿರುವ ಬೀಟಾ ಕ್ಯಾರೊಟೀನ್ ಸಹ ಇಂತಹ ನಿರೋಧಕವೇ. ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲವು 1994ರಲ್ಲಿ ಪ್ರಕಟವಾದಾಗ, ಅದರ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಕಡಿಮೆಯಾಗುವ ಬದಲು ಹೆಚ್ಚಾಗಿದ್ದಿತು! ಗಜ್ಜರಿ ತಿನ್ನಬಾರದೆಂದು ಇದರ ಅರ್ಥವಲ್ಲ. ಗಾಜಿನ ನಳಿಗೆಯಲ್ಲಿ ಕಂಡ ಗುಣವು ಮನುಷ್ಯರಲ್ಲಿಯೂ ಕಂಡುಬಂದಿತೇ ಎಂದು ಕೇಳುವುದನ್ನು ನಮ್ಮ ಮೇಲ್ತರಗತಿಯ ಹುಡುಗಿಯರಿಗೆ ಕಲಿಸುತ್ತಿದ್ದೇವೆ. ಮನೆಯಲ್ಲಿಯೂ ಅವರು ಹಾಗೆ ಕೇಳಿದರೆ ಹಿರಿಯರು ಗದರಿಸದಿರಲಿ.

ಸೇಜ್ ಎಲೆಯನ್ನು ಚಿಟಿಕೆಯಷ್ಟು ಅಡಿಗೆಗೆ ಹಾಕುವುದರಲ್ಲಿ ಭಯವಿಲ್ಲ. ಅಡಿಗೆಯ ಸೇಜ್‌ನಿಂದ ಇಳಿಸಿದ ಎಣ್ಣೆಯನ್ನು ಮಾತ್ರ ಸೇವಿಸಬಾರದು. ಅದರಲ್ಲಿ ಥೂಜೋನ್ ಎಂಬ ವಸ್ತುವಿದ್ದು, ಪ್ರಮಾಣ ಮೀರಿದರೆ ಅಪಸ್ಮಾರದಂತಹ ಸೆಳೆತವನ್ನು ತರುವುದು. ಗ್ರೀಸಿನ ಜಾತಿಯಲ್ಲಿ ಇದು ಸಾಮಾನ್ಯವಾಗಿ ಬಹಳ ಕಡಿಮೆ.